ಮೀಟರ್ ಕೆಟ್ಟಿರಲಿಲ್ಲ, ಅಕ್ಕ

ಅಕ್ಕ, ನೀನು ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲೇ ಬೈಯುತ್ತಿದ್ದೇನೆ.

ಇವತ್ತು ನಮ್ಮ ಬ್ರೆಡ್ ವ್ಯಾನಿಗೆ ಇಂಜಿನ್ ಬಿಸಿ ತೋರಿಸುವ ಹೊಸ ಮೀಟರ್ ಹಾಕಿಸಲು ಹೋಗಿದ್ದೆ. ಹಳೆಯದು ಕೆಟ್ಟುಹೋಗಿದೆ ಎಂದು ನೀನೇ ಹೇಳಿದ್ದೆಯಲ್ಲ. ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗೆ ಕೈ ಹಾಕಿದವನು ನಕ್ಕುಬಿಟ್ಟ.

"ಇದು ಕೆಟ್ಟಿಲ್ಲ ಮೇಡಂ. ಯಾರೋ ಬೇಕಂತಲೇ ವೈರ್ ಕಟ್ ಮಾಡಿ ಟೇಪ್ ಸುತ್ತಿದ್ದಾರೆ."

ಹಸಿರು ಟೇಪು. ನಾವು ಬ್ರೆಡ್ ಪೊಟ್ಟಣಕ್ಕೆ ಅಂಟಿಸುವ ಟೇಪು! ಅವನು ವೈರ್ ಜೋಡಿಸಿ ಇಂಜಿನ್ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಮೇಲೆದ್ದಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮುಳ್ಳು ಚೂರು ಏರಿದರೂ "ಗಾಡಿ ನಿಲ್ಲಿಸು, ತಣ್ಣಗಾಗ್ಲಿ" ಎಂದು ಪಕ್ಕದಲ್ಲಿ ಕೂತು ನಿನ್ನ ತಲೆ ತಿನ್ನುತ್ತಿದ್ದೆ, ನಿಜ. ಅದಕ್ಕೆ ನನ್ನ ಕಣ್ಣಿಗೆ ಮಣ್ಣೆರಚುವುದೇ? ಒಡಹುಟ್ಟಿದವಳ ಕಣ್ಣಿಗೆ? ಎದೆನೋವು ಬಂದಾಗಲೂ "ಗ್ಯಾಸು ಕಣೇ, ಸುಮ್ನಿರು" ಅಂದೆ. ನಾನೂ ಸುಮ್ಮನಿದ್ದೆ. ಬೆಳಗಾಗುವುದರೊಳಗೆ ನೀನೇ ಇರಲಿಲ್ಲ.

"ಹಳೇದೇ ಸರಿಹೋಯ್ತಲ್ಲ, ಹೊಸದನ್ನ ಅಂಗಡಿಗೆ ವಾಪಸ್ ಕೊಟ್ಬಿಡಿ," ಎಂದ ಮೆಕ್ಯಾನಿಕ್.

"ಬೇಡ. ಅದನ್ನೂ ಹಾಕಿ."

"ಒಂದೇ ಗಾಡಿಗೆ ಎರಡೆರಡು ಮೀಟರ್ ಯಾಕೆ ಮೇಡಂ?"

"ಒಂದರ ಬಾಯಿ ಮುಚ್ಚಿಸಿದ್ರೆ ಇನ್ನೊಂದಾದ್ರೂ ಹೇಳ್ಲಿ!"

ನಾನು ಕಿರುಚಿದ್ದೆ ಅನ್ನಿಸುತ್ತದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಒಳಗೆ ಹೋದ. ಒಂದು ಲೋಟ ನೀರು ತಂದು ನನ್ನ ಕೈಗಿತ್ತು, ಹೊಸ ಮೀಟರಿನ ಡಬ್ಬ ಬಿಚ್ಚತೊಡಗಿದ.