ಪ್ಲಾಸ್ಟರಿಗೆ ಲೈನಿಂಗ್

ಮಕ್ಕಳ ವಾರ್ಡು, ಎರಡನೇ ಮಹಡಿ
ಗುರುವಾರ ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಆದರೂ ಕೇಳಬೇಕಾದ್ದನ್ನು ಕೇಳುತ್ತೇನೆ. ಬೆನ್ನುನೋವು ಹೇಗಿದೆ? ಮಿಷನ್ನಿನ ಮುಂದೆ ಕೂರಲು ಎತ್ತರದ ಸ್ಟೂಲು ಸಿಕ್ಕಿತೇ? ನಾಟಕದ ಕಂಪನಿಯ ರಾಜರಿಗೆಲ್ಲ ಅಂಗಿ ಹೊಲಿದಾಯಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀವು ಹತ್ತು ಸಮಾಧಾನ ಹೇಳಿ ಮುಗಿಸುತ್ತೀರಿ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಗುಬ್ಬಿಯನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇನೆ. ಮುರಿದ ಕಾಲಿನ ಮೂಳೆಗೆ ಹೊಸದಾಗಿ ಏನೂ ಆಗಿಲ್ಲ, ಅದು ತನ್ನ ಪಾಡಿಗೆ ಕೂಡಿಕೊಳ್ಳುತ್ತಿದೆ. ಕೆಟ್ಟಿರುವುದು ಚರ್ಮ. ಹೋದ ವಾರ ಮನೆಯಲ್ಲಿ ಏನೋ ವಾಸನೆ. ಚಿಂದಿ ಮೂಟೆಯ ಹಿಂದೆ ಇಲಿ ಸತ್ತಿರಬೇಕೆಂದು ಇಡೀ ಅಂಗಡಿಕೋಣೆಯನ್ನು ಎಳೆದುಹಾಕಿ ಗುಡಿಸಿದೆ. ವಾಸನೆ ಬರುತ್ತಿದ್ದುದು ನಮ್ಮ ಮಗುವಿನ ಕಾಲಿನಿಂದ. ಮೈಯೂ ಸುಡುತ್ತಿತ್ತು. ಆದರೆ ಅವಳು ಒಮ್ಮೆಯಾದರೂ ನೋವು ಎನ್ನಬೇಕಲ್ಲ! ನಿಮ್ಮ ತಾಯಿಯಂತೂ “ಎಷ್ಟು ಜಾಣೆ ನೋಡು, ತುಟಿ ಪಿಟಕ್ ಅನ್ನಲ್ಲ” ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ನೋವನ್ನು ನುಂಗುವುದು ಜಾಣತನವೆಂದು ಈ ಮನೆಯಲ್ಲಿ ಕಲಿಸಿದವರು ಯಾರೋ, ಅವರ ಬಾಯಿಗೆ ಮಣ್ಣು ಹಾಕಬೇಕು.

ಪ್ಲಾಸ್ಟರ್ ಕತ್ತರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಮಂಡಿಯ ಕೆಳಗೆ, ಚರ್ಮಕ್ಕೆ ಅಂಟಿಕೊಂಡು, ಮುದ್ದೆಯಾದ ಒಂದು ವೆಲ್ವೆಟ್ ತುಂಡು. ತೆಗೆದರೆ ಅದರಡಿ ಹಸಿ ಗಾಯ, ನನ್ನ ಹೆಬ್ಬೆರಳು ಹೂತುಹೋಗುವಷ್ಟು. ಅಂಚಿನಲ್ಲಿಟ್ಟ ಬಟ್ಟೆ ಒಳಗೆ ಜಾರಿ ಒತ್ತಿದೆ, ಬೆವರಿಗೆ ಚರ್ಮ ಮೆತ್ತಗಾಗಿ ಕೊಳೆತಿದೆ ಎಂದರು ಡಾಕ್ಟರು. ಯಾರಿಟ್ಟದ್ದು ಎಂದು ಕೇಳಿದರು. “ನಾನೇ ಇಟ್ಕೊಂಡೆ” ಎಂದಳು ನಿಮ್ಮ ಮಗಳು. ಅವರು ಅವಳನ್ನು ಬೈದರು. ಬೈಸಿಕೊಳ್ಳುತ್ತಲೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಆ ತುಂಡಿನ ನಾಲ್ಕೂ ಬದಿಗೆ ಹೆಮ್ಮಿಂಗ್ ಇತ್ತು. ಮೇಲಿಂದ ನೂಲು ಕಾಣದ ಹೊಲಿಗೆ. ಸೂಜಿಗೆ ದಾರ ಪೋಣಿಸಲು ಬಾರದ ಮಗು ಅದನ್ನು ಹೊಲಿದೀತೇ? ನಿಮ್ಮ ಕೈ ನನಗೆ ಗೊತ್ತಿಲ್ಲವೇ? ಪ್ಲಾಸ್ಟರ್ ಹಾಕಿದಾತ ಅಂದು ಕೂಗಿ ಕೂಗಿ ಹೇಳಿದ್ದ: ಒಳಗೆ ಏನನ್ನೂ ತೂರಿಸಬೇಡಿ, ನೆನೆಸಬೇಡಿ, ತುರಿಸಿದರೆ ಕಡ್ಡಿ ಹಾಕದೆ ತಣ್ಣನೆ ಗಾಳಿ ಬಿಡಿ, ಉರಿ, ವಾಸನೆ, ಬೆರಳು ಊದುವುದು ಕಂಡರೆ ಓಡಿ ಬನ್ನಿ ಎಂದು. ನೀವು ಎಲ್ಲಿ ಕೇಳಿಸಿಕೊಂಡಿರಿ! ಪ್ಲಾಸ್ಟರಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ “ಛೆ, ಅಂಚು ಮುಗಿಸೇ ಇಲ್ಲ” ಎಂದು ಗೊಣಗುತ್ತಿದ್ದಿರಿ. ದರ್ಜಿಯ ಕಣ್ಣಿಗೆ ಮಗಳ ಕಾಲೂ ಅಂಗಿಯ ಒಂದು ತೋಳು, ಒಳಗೊಂದು ಲೈನಿಂಗ್ ಬಟ್ಟೆ ಕೊಟ್ಟರೆ ಸರಿಹೋಗುತ್ತದೆ. ಅಂಚು ಒರಟಾಗಿದ್ದರೆ ಟೇಪಿನ ಚೂರುಗಳನ್ನು ಅದರ ಮೇಲೆ ಮಡಚಿ ಅಂಟಿಸಿದ್ದರೆ ಸಾಕಿತ್ತಂತೆ. ಕೇಳಿದ್ದರೆ ಆತನೇ ಮಾಡಿಕೊಡುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಂಪನಿಗೆ ಹೊರಡುವ ಮುನ್ನ ನೀವು ಅದನ್ನು ಪ್ರೀತಿಯಿಂದಲೇ ಇಟ್ಟಿರೆಂದು ನನಗೆ ಗೊತ್ತು. ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತದೆ. ಕೆಟ್ಟವರಾಗಿದ್ದರೆ ಮನಸಾರೆ ಬೈದು ಹಗುರಾಗುತ್ತಿದ್ದೆ. ನಿನ್ನೆ ಡ್ರೆಸ್ಸಿಂಗ್ ಮಾಡುವಾಗ ದಿಂಬು ಕಚ್ಚಿಕೊಂಡಿದ್ದಳು. ನರ್ಸ್ ಹೋದ ಮೇಲೆ ಕಿವಿಯಲ್ಲಿ ಹೇಳಿದಳು, “ಅದು ಅಪ್ಪಂದೂ ನಂದೂ ಗುಟ್ಟು ಅಮ್ಮಾ. ಹೇಳಿದ್ರೆ ಅಪ್ಪಂಗೆ ಬೇಜಾರಾಗುತ್ತೆ” ಎಂದು. ನಿಮಗೆ ಬೇಜಾರಾಗಬಾರದೆಂದು ಅವಳು ಕಾಲು ಕೊಳೆಸಿಕೊಂಡಳು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ತಾಯಿ ಆಶೀರ್ವಾದ ತಿಳಿಸಿದ್ದಾರೆ. ಬಟ್ಟೆ ಇಟ್ಟವರು ಯಾರೆಂದು ಅವರಿಗೆ ನಾನು ಹೇಳಿಲ್ಲ, ಹೇಳುವ ಕೆಲಸ ನಿಮ್ಮದು.

ಇತಿ,
ಗುಬ್ಬಿಯ ಅಮ್ಮ

ವಿ.ಸೂ.: ಗಾಯ ಒಣಗುತ್ತಲೇ ಹೊಸ ಪ್ಲಾಸ್ಟರ್ ಹಾಕುತ್ತಾರಂತೆ. “ಈ ಸಲ ಒತ್ತಿದ್ರೆ ತಕ್ಷಣ ಹೇಳ್ತೀಯಲ್ವಾ?” ಎಂದು ಕೇಳಿದೆ. ತುಂಬ ಯೋಚನೆ ಮಾಡಿ, “ಅಪ್ಪನ್ನ ಕೇಳಿ ಹೇಳ್ತೀನಿ” ಎಂದಳು. ನಿಮ್ಮ ರಾಜರು ಬರಿಮೈಯಲ್ಲಿ ಕುಣಿಯಲಿ. ನೀವು ಹೊರಟು ಬನ್ನಿ.