ಕೊನೆಯ ಸ್ಟಾಪಿನಲ್ಲಿ ಇಳಿದವನು

ಮನೆಯಿಂದ
ಮಂಗಳವಾರ, ಹದಿನೇಳನೇ ತಾರೀಕು, ಬೆಳಗಿನ ಒಂಬತ್ತು ಗಂಟೆ

ಪ್ರೀತಿಯ ಪುಟ್ಟಿಗೆ ಅಜ್ಜನ ಮನಸಾರೆ ಆಶೀರ್ವಾದಗಳು.

ನಿನ್ನ ಕೆಮ್ಮು ಬಿಟ್ಟಿತೆ ತಾಯಿ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ದಿನವಿಡೀ ಆ ನೀರಿನ ಬಾಟಲಿಗಳನ್ನೇ ನೋಡಿ ನೋಡಿ ನೀರೆಂದರೇ ಬೇಸರ ಹಿಡಿದಿದೆಯೋ? ನಿನ್ನ ರೂಮಿನ ನರ್ಸಮ್ಮನ ಬೆನ್ನುನೋವು ಹೇಗಿದೆ? ಹಾಸ್ಟೆಲಿನ ಅಡುಗೆಯಾಕೆ ಹಲ್ಲು ಕೀಳಿಸಿಕೊಂಡರೋ, ಅಥವಾ ಇನ್ನೂ ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಎಲ್ಲರ ಮೇಲೆ ರೇಗುತ್ತಿದ್ದಾರೋ? ನಿಮ್ಮ ನೀರು ಪರೀಕ್ಷೆಯ ಲ್ಯಾಬಿನ ದೊಡ್ಡ ಮೇಡಂ ಅವರ ರಕ್ತದೊತ್ತಡ ಇಳಿಯಿತೆಂದು ಬರೆದಿದ್ದೆ, ಸಂತೋಷ. ಅದು ಮತ್ತೆ ಏರದಂತೆ ನೋಡಿಕೊಳ್ಳುವುದು ತರಬೇತಿಗೆ ಬಂದ ನಿಮ್ಮಂಥವರ ಕೈಯಲ್ಲೇ ಇದೆ. ಇಲ್ಲಿ ನಿನ್ನ ಅಮ್ಮ ಶಾಲೆಯ ಪರೀಕ್ಷೆ ಪೇಪರುಗಳ ಗುಡ್ಡೆಯ ಹಿಂದೆ ಕೂತಿದ್ದಾಳೆ, ಹಣೆ ಮಾತ್ರ ಕಾಣುತ್ತದೆ. ನಿನ್ನ ಅಜ್ಜಿಯ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನ್ನ ಎಡಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಇನ್ನೂ ಹದಿನೈದು ದಿನ ಪಟ್ಟಿ ಬಿಚ್ಚಬಾರದು, ಬಸ್ಸು ಹತ್ತಬಾರದು ಎಂದು ಡಾಕ್ಟರ ಕಟ್ಟಾಜ್ಞೆ. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ನಗಬೇಡ. ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವನು ನಾನು, ನೆಟ್ಟಗೆ ಬರೆದದ್ದು ಯಾವಾಗ?

ನಿನ್ನ ಪತ್ರಗಳನ್ನೆಲ್ಲ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಬುಧವಾರ ಬುಧವಾರ ನಿನಗೆ ರಜೆ, ಬಸ್ ಸ್ಟ್ಯಾಂಡಿಗೆ ಹೋಗಿ ಕಣ್ಣಿಗೆ ಮೊದಲು ಬಿದ್ದ ಬಸ್ಸು ಹತ್ತುವುದು, ಕೊನೆಯ ಸ್ಟಾಪಿನಲ್ಲಿ ಇಳಿಯುವುದು, ಕಾಲು ಸೋಲುವವರೆಗೆ ಅಲ್ಲೆಲ್ಲ ತಿರುಗಿ ಸಂಜೆಗೆ ವಾಪಸ್. ಈ ಹುಚ್ಚು ಹಿಡಿಸಿದವನೇ ನಾನು. ನೀನು ಮೊಣಕಾಲಷ್ಟು ಎತ್ತರ ಇದ್ದಾಗಿನಿಂದ ನನ್ನ ಪಕ್ಕ ಕೂರಿಸಿಕೊಂಡು, ಊರು ನೋಡಬೇಕಾದರೆ ಬೋರ್ಡು ನೋಡದೆ ಹತ್ತಬೇಕು ಎಂದು ತಲೆಗೆ ತುಂಬಿದೆ. ಅದಕ್ಕೇ ನೀನು ತಿಮಿಂಗಿಲದ ಎಲುಬು ತೂಗುಹಾಕಿದ ಆ ಮ್ಯೂಸಿಯಂ ನೋಡಿದೆ, ಒಂದು ಬೀದಿಯ ಉದ್ದಕ್ಕೂ ಬರೀ ಕನ್ನಡಿ ಮಾರುವ ಅಂಗಡಿಗಳಲ್ಲಿ ನಿನ್ನನ್ನು ನೀನೇ ನಲವತ್ತು ಸಲ ಕಂಡೆ, ರೈಲಿನ ಹಳೆ ಡಬ್ಬಿಯಲ್ಲಿ ನಡೆಸುವ ಲೈಬ್ರರಿಯಲ್ಲಿ ಮಧ್ಯಾಹ್ನವೆಲ್ಲ ಕೂತೆ. ಓದುವಾಗ ನನಗೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವ ಆಸೆ. ನಿನ್ನ ಅಜ್ಜಿಗೆ ಮಾತ್ರ ಒಂದೇ ಯೋಚನೆ: "ಅಷ್ಟು ದೂರ ಹೋಗ್ತಾಳಲ್ಲ, ಮಧ್ಯಾಹ್ನ ಏನು ತಿಂದಳಂತೆ?"

ಈಗ ನಿನ್ನ ಕಳೆದ ಪತ್ರದ ವಿಷಯ. ಹೋದ ವಾರದ ಸೋಮವಾರ ಬಂತು. ಮೊದಲ ಪುಟ ಓದಿ ನಕ್ಕೆ, ಎರಡನೇ ಪುಟವನ್ನು ಎರಡು ಸಲ ಓದಿದೆ. ಮೂರು ರಜೆಯ ದಿನಗಳಿಂದ ಒಬ್ಬನೇ ಮನುಷ್ಯ ಕಾಣುತ್ತಿದ್ದಾನೆ ಎಂದು ಬರೆದಿದ್ದೆ. ವಯಸ್ಸಾದವನು, ಬೂದು ಬಣ್ಣದ ಟೋಪಿ, ಕೈಯಲ್ಲಿ ಮಡಿಸಿದ ಪೇಪರು. ಮೊದಲ ಬುಧವಾರ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ, ಮರುವಾರ ಕನ್ನಡಿ ಬೀದಿಯಲ್ಲಿ ಒಂದು ಕನ್ನಡಿಯೊಳಗೆ, ಮೂರನೇ ವಾರ ನಿನ್ನದೇ ಬಸ್ಸಿನ ಮುಂದಿನ ಬಾಗಿಲಲ್ಲಿ ನಿನಗಿಂತ ಮೊದಲು ಇಳಿದು, ಕೊನೆಯ ಸ್ಟಾಪಿನ ಕಂಬಕ್ಕೆ ಒರಗಿ ಪೇಪರು ಬಿಡಿಸಿದನೆಂದು. "ಅಜ್ಜಾ, ಅವನು ಪೇಪರಿನ ಪುಟ ಮಗುಚಲೇ ಇಲ್ಲ" ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿ ಎದ್ದು ಬಾಗಿಲ ಚಿಲಕ ಹಾಕಿಬಂದೆ. ಅಮ್ಮನಿಗೆ ಹೇಳಬೇಡ, ತಕ್ಷಣ ವಾಪಸ್ ಕರೆಸುತ್ತಾಳೆ ಎಂದು ಕೆಳಗೆ ಗೆರೆ ಎಳೆದಿದ್ದೆ. ಹೇಳಿಲ್ಲ.

ಆದರೆ ಗಳಿಗೆ ಹೊತ್ತು ಸುಧಾರಿಸಿಕೊಂಡ ಮೇಲೆ ನನಗೆ ಹೊಳೆಯಿತು. ಅದಕ್ಕೇ ಅವತ್ತೇ ನಿನಗೆ ಕಾರ್ಡು ಹಾಕಿದೆ: ಹೆದರಬೇಡ, ಆತ ನಮ್ಮವನೇ, ಮುಂದಿನ ಸಲ ಕಂಡರೆ ಹೋಗಿ ಮಾತನಾಡಿಸು, ವಿವರ ಪತ್ರದಲ್ಲಿ ಎಂದು. ಗುರುವಾರವೋ ಶುಕ್ರವಾರವೋ ನಿನ್ನ ಕೈ ಸೇರಿರಬೇಕು. ವಿವರ ಬರೆಯಲು ಕಣ್ಣಿನ ಆಪರೇಷನ್ನು ಅಡ್ಡ ಬಂತು. ಈಗ ಬರೆಯುತ್ತೇನೆ. ಸಿಟ್ಟು ಮಾಡಿಕೊಳ್ಳದೆ ಓದಬೇಕು.

ಆ ಮನುಷ್ಯನನ್ನು ನಿನ್ನ ಹಿಂದೆ ಬಿಟ್ಟವನು ನಾನೇ. ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದಾಗ ನನ್ನ ಜೋಡಿಯಾಗಿ ಇಪ್ಪತ್ತಾರು ವರ್ಷ ಓಡಾಡಿದವನೊಬ್ಬನಿದ್ದ. ಅವನ ನಿಜ ಹೆಸರು ಪಗಾರದ ದಿನ ಮಾತ್ರ ಕೇಳಿಬರುತ್ತಿತ್ತು, ಉಳಿದ ದಿನ ಎಲ್ಲರ ಬಾಯಲ್ಲೂ ಬೆಕ್ಕು. ಬಸ್ಸು ಹತ್ತಿದ್ದು ಗೊತ್ತಾಗುತ್ತಿರಲಿಲ್ಲ, ಹೆಗಲ ಪಕ್ಕದಲ್ಲಿ "ಟಿಕೆಟ್" ಎಂಬ ಮಾತು ಕೇಳಿದಾಗಲೇ ಜನ ಬೆಚ್ಚುತ್ತಿದ್ದರು. ಕೈಯಲ್ಲಿ ಸದಾ ಒಂದು ಮಡಿಸಿದ ಪೇಪರು. ಸದಾ ಹಿಂದಿನ ಸೀಟು. ನಿವೃತ್ತನಾದ ಮೇಲೆ ನೀನಿರುವ ಊರಿನಲ್ಲೇ ಒಂಟಿಯಾಗಿ ರೂಮು ಮಾಡಿಕೊಂಡಿದ್ದಾನೆ. ಅಲ್ಲಿಂದ ನಿನ್ನ ಮೊದಲ ಪತ್ರ ಬಂದ ವಾರವೇ ಅವನಿಗೆ ಬರೆದೆ: ನನ್ನ ಮೊಮ್ಮಗಳು ಬುಧವಾರ ಒಬ್ಬಳೇ ತಿರುಗುತ್ತಾಳೆ, ಹಾಸ್ಟೆಲು ಇಂಥ ಕಡೆ, ಉದ್ದ ಜಡೆ, ಹಸಿರು ಕೈಚೀಲ, ಹಿಂದೆ ಸ್ವಲ್ಪ ಕಣ್ಣಿಟ್ಟಿರು, ಅವಳಿಗೆ ಗೊತ್ತಾಗಬಾರದು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ತಪ್ಪು ಸಿಕ್ಕಿದರೆ ಮಾತ್ರ ವರದಿ, ಎಲ್ಲ ಸರಿಯಿದ್ದರೆ ಒಂದು ಸಾಲೂ ಇಲ್ಲ. ಎರಡು ತಿಂಗಳಾದರೂ ಅವನಿಂದ ಒಂದು ಸಾಲು ಬರಲಿಲ್ಲ. ಹಾಗಾಗಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಿನ್ನ ಪತ್ರ ಓದಿದ ಮೇಲೆ ಅವನಿಗೂ ಒಂದು ಕಾಗದ ಹಾಕಿ ಛೇಡಿಸಿದ್ದೇನೆ: ಏನಯ್ಯಾ, ನನ್ನ ಮೊಮ್ಮಗಳು ನಿನ್ನನ್ನು ಮೂರು ಸಲ ಹಿಡಿದಳಲ್ಲ, ಉಗುರು ಮೊಂಡಾಯಿತೇ?

ನಿನ್ನ ಅಜ್ಜಿಗೆ ಇದನ್ನು ನಿನ್ನೆ ಹೇಳಿದೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಒಂದು ಕಣ್ಣಿನ ಎದುರಿಗೇ ಬಂದು ನಿಂತಳು. "ಏನ್ರೀ, ಮೊಮ್ಮಗಳೇನು ಟಿಕೆಟ್ ತಗೊಳ್ಳದೆ ಹತ್ತಿದ ಪ್ಯಾಸೆಂಜರಾ? ಅವಳ ಹಿಂದೆ ಆಳು ಬಿಟ್ಟು, ಅವಳು ಹೆದರ್ಕೊಂಡ ಮೇಲೆ ಹೆದರಬೇಡ ಅಂತ ಕಾರ್ಡು ಬೇರೆ ಹಾಕ್ತೀರಾ?" ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಯಾಕೆ ಹೀಗೆ ಮಾಡಿದೆ ಎಂದು ನಿನಗೂ ಕೇಳಬೇಕೆನಿಸಬಹುದು. ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತಿದೆ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಒಂದು ಮಧ್ಯಾಹ್ನ ಹತ್ತಿದ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಮೂರು ಸಲ ಸೀಟು ಬದಲಾಯಿಸಿದಳು. ಮೂರು ಸಲವೂ ಒಬ್ಬ ಎದ್ದು ಬಂದು ಅವಳ ಹಿಂದಿನ ಸೀಟಿನಲ್ಲಿ ಕೂತ. ನಾನು ಹೋಗಿ ಇಬ್ಬರ ಟಿಕೆಟ್ಟನ್ನೂ ಕೇಳಿದೆ. ಅವಳು ಟಿಕೆಟ್ ಚಾಚಿದಳು, ಆದರೆ ತುದಿ ಬಿಡಲಿಲ್ಲ. ಒಂದು ತುದಿ ಅವಳ ಬೆರಳಲ್ಲಿ, ಇನ್ನೊಂದು ನನ್ನ ಬೆರಳಲ್ಲಿ, ನನ್ನ ಮುಖವನ್ನೇ ನೋಡಿದಳು. ನಾನು ಎಳೆದುಕೊಂಡು ನೋಡಿ ವಾಪಸ್ ಕೊಟ್ಟೆ. ಎರಡು ಟಿಕೆಟ್ಟೂ ಸರಿಯಾಗಿದ್ದವು, ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮುಂದಿನ ಸ್ಟಾಪಿನಲ್ಲಿ ಅವಳು ಇಳಿದಳು, ಅವನೂ ಇಳಿದ. ಆಮೇಲೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ದಿನ ಪೇಪರಿನಲ್ಲಿ ಅವಳ ಫೋಟೋ ಬಂದಿದೆಯೇನೋ ಎಂದು ಹುಡುಕುತ್ತಿದ್ದೆ, ಬರದಿರಲಿ ಎಂದುಕೊಂಡೇ ಹುಡುಕುತ್ತಿದ್ದೆ. ನೀನು ಒಬ್ಬಳೇ ಊರು ಸುತ್ತುವ ಸುದ್ದಿ ಬಂದಾಗ ಮೊದಲು ನೆನಪಾದದ್ದು ಆ ಬೆರಳುಗಳು.

ಅದಿರಲಿ. ಈಗ ಭಯ ಬೇಡ. ಕಣ್ಣಿಗೆ ಮೊದಲು ಬಿದ್ದ ಬಸ್ಸು ಹತ್ತುವವಳ ಹಿಂದೆ ಮೂರು ಬೇರೆ ಬೇರೆ ನಂಬರಿನ ಬಸ್ಸಿನಲ್ಲಿ ಹೋಗಬೇಕಾದರೆ ಬೆಕ್ಕಿಗಲ್ಲದೆ ಯಾರಿಗೆ ಆಗುತ್ತದೆ? ಮುಂದಿನ ಬಾಗಿಲಲ್ಲಿ ಇಳಿದನೆಂದು ಓದಿ ಮಾತ್ರ ಸ್ವಲ್ಪ ಆಶ್ಚರ್ಯವಾಯಿತು, ಹಿಂಬಾಲಿಸುವವನು ಹಿಂದಿನ ಬಾಗಿಲಲ್ಲಿ ಕೊನೆಗೇ ಇಳಿಯಬೇಕು, ಅವನು ಅಂಥ ತಪ್ಪು ಮಾಡುವವನಲ್ಲ. ವಯಸ್ಸಾಯಿತಲ್ಲ. ನಾಳೆ ಬುಧವಾರ, ಅದಕ್ಕೇ ಇದನ್ನು ಅಂಚೆಗೆ ಹಾಕದೆ ಇವತ್ತಿನ ಎರಡು ಗಂಟೆಯ ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಮತ್ತೆ ಕಂಡರೆ ನೀನೇ ನೇರವಾಗಿ ಹೋಗಿ, "ನಮಸ್ಕಾರ ತಾತಾ, ಅಜ್ಜ ನಿಮ್ಮನ್ನು ಕೇಳಿದರು" ಎನ್ನು. ಮುಖ ನೋಡುವ ಹಾಗಿರುತ್ತದೆ. ಜೊತೆಯಲ್ಲಿ ಕೂತು ಚಹಾ ಕುಡಿ. ಊರಿನ ಸಂದುಗೊಂದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತು, ಎಲ್ಲಿಗೆ ಕರೆದರೂ ಧೈರ್ಯವಾಗಿ ಹೋಗು.

ಚೆನ್ನಾಗಿ ಕೆಲಸ ಕಲಿ. ಮೇಡಂ ಎದುರಿಗೆ ಬಾಟಲಿ ಒಡೆಯಬೇಡ. ನರ್ಸಮ್ಮನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ನಿನ್ನ ಅಜ್ಜಿ ನೂರ್ಕಾಲ ಬಾಳು ಎನ್ನುತ್ತಿದ್ದಾಳೆ, ಜಡೆಗೆ ಎಣ್ಣೆ ಹಾಕು ಎಂದೂ ಎನ್ನುತ್ತಿದ್ದಾಳೆ.

ನಿನ್ನವನೇ ಆದ
ಅಜ್ಜ

ಮರೆತ ಮಾತು, ಮಧ್ಯಾಹ್ನ ಒಂದೂವರೆ:

ಪುಟ್ಟಿ, ಮೇಲಿನದನ್ನೆಲ್ಲ ಬಿಟ್ಟು ಮೊದಲು ಇದನ್ನು ಓದು. ಈಗ ಪೋಸ್ಟಿನಲ್ಲಿ ಬೆಕ್ಕಿನ ಕಾಗದ ಬಂತು. ಅವನು ಬರೆದದ್ದಲ್ಲ, ಆಸ್ಪತ್ರೆಯಲ್ಲಿ ಯಾರಿಂದಲೋ ಬರೆಸಿದ್ದು. ನನ್ನ ಮೊದಲ ಪತ್ರ ತಲುಪಿದ ವಾರವೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಎರಡು ತಿಂಗಳಿಂದ ಹಾಸಿಗೆಯ ಮೇಲೇ ಇದ್ದಾನೆ. "ನೀವು ವಹಿಸಿದ ಕೆಲಸ ಮಾಡಲಾಗಲಿಲ್ಲ, ನಾಚಿಕೆಯಿಂದ ತಿಳಿಸಲಿಲ್ಲ. ನಿಮ್ಮ ಮೊಮ್ಮಗಳನ್ನು ನಾನು ಒಂದು ದಿನವೂ ನೋಡಿಲ್ಲ. ಅವಳು ಕಂಡವನು ನಾನಲ್ಲ" ಎಂದು ಬರೆಸಿದ್ದಾನೆ.

ಅವನು ಯಾರೋ ನನಗೆ ಗೊತ್ತಿಲ್ಲ ತಾಯಿ. ನನ್ನ ಕಾರ್ಡನ್ನು ನಂಬಬೇಡ. ಅವನ ಹತ್ತಿರ ಹೋಗಬೇಡ, ಮಾತನಾಡಿಸಬೇಡ, ನಾಳೆ ಹೊರಗೇ ಹೊರಡಬೇಡ. ಚಹಾ ಕುಡಿ, ಕರೆದಲ್ಲಿಗೆ ಹೋಗು ಎಂದು ಬರೆದ ಪ್ಯಾರಾಕ್ಕೆ ಅಡ್ಡಗೆರೆ ಎಳೆದಿದ್ದೇನೆ, ಹೊಸದಾಗಿ ಬರೆಯಲು ಹೊತ್ತಿಲ್ಲ. ಮೂಲೆ ಅಂಗಡಿಯಿಂದ ನಿನ್ನ ಹಾಸ್ಟೆಲಿಗೆ ನಾಲ್ಕು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಲ್ಯಾಬಿಗೆ ಮಾಡಿದರೆ ನೀನು ಮಾದರಿ ನೀರು ತುಂಬಿಸಿಕೊಂಡು ಬರಲು ಹೊರಗೆ ಹೋಗಿದ್ದೀಯ, ಬಂದ ಮೇಲೆ ತಿಳಿಸುತ್ತೇವೆ ಎಂದರು. ತಿಳಿಸುವ ಧ್ವನಿಯಲ್ಲಿ ಹೇಳಲಿಲ್ಲ. ಪೇಪರು ಒಪ್ಪಿಸಲು ಶಾಲೆಗೆ ಹೋದ ನಿನ್ನ ಅಮ್ಮನಿಗೂ ಫೋನಿನಲ್ಲೇ ಎಲ್ಲ ಹೇಳಿಬಿಟ್ಟೆ, ಕ್ಷಮಿಸು. ಎರಡು ಗಂಟೆಯದೇ ಇವತ್ತಿನ ಕೊನೆಯ ಬಸ್ಸು, ಅದಕ್ಕೆ ಅವಳು ಬಂದು ಮುಟ್ಟುವುದಿಲ್ಲ, ಬೆಳಗಿನ ಮೊದಲ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ನಿನ್ನ ಹತ್ತಿರ ಇರುತ್ತಾಳೆ. ಅಲ್ಲಿಯವರೆಗೆ ನರ್ಸಮ್ಮನ ಪಕ್ಕ ಬಿಟ್ಟು ಅಲ್ಲಾಡಬೇಡ. ದೊಡ್ಡ ಮೇಡಂಗೂ ಪೊಲೀಸರಿಗೂ ಹೇಳಬೇಕು, ಸಂಕೋಚ ಪಡಬೇಡ, ಸುಳ್ಳೇ ಹೆದರಿದಳು ಎಂದರೆ ಅನ್ನಲಿ.

ಎರಡು ಗಂಟೆಯ ಬಸ್ಸಿನ ಡ್ರೈವರ್ ನಮ್ಮ ಬಾಗಿಲಲ್ಲೇ ನಿಂತಿದ್ದಾನೆ. ನನ್ನ ಕೆಳಗೆ ಕಂಡಕ್ಟರಾಗಿ ಕೆಲಸ ಕಲಿತವನು, ಬಲಗೈಗೆ ಆರು ಬೆರಳು, ಬೇರೆ ಯಾರು ನನ್ನ ಹೆಸರು ಹೇಳಿಕೊಂಡು ಬಂದರೂ ಬಾಗಿಲು ತೆಗೆಯಬೇಡ. ಸಂಜೆ ಏಳಕ್ಕೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಕೊಟ್ಟು ಅಲ್ಲೇ ನಿಲ್ಲುತ್ತಾನೆ, ಸುಮ್ಮನೆ ಕಳಿಸಬೇಡ. ಮುಟ್ಟಿತು, ಕ್ಷೇಮ ಎಂದು ಅವನ ಬಾಯಲ್ಲಿ ಹೇಳಿಕಳಿಸಿದರೆ ನನಗೆ ಸಾಲದು. ಒಂದು ಸಾಲಾದರೂ ನಿನ್ನದೇ ಕೈಬರಹದಲ್ಲಿ ಬರೆದುಕೊಡು. ತಕ್ಷಣ ಬರೆ ಪುಟ್ಟಿ, ಅವನು ಬಾಗಿಲಲ್ಲಿ ನಿಂತಿರುವಾಗಲೇ ಬರೆ.