ಬಳಗದ ಪಾತ್ರೆಯಲ್ಲಿ ಬಿಯರ್

ಸೆರಂಗೂನ್, ಸಿಂಗಾಪುರ
ಆಗಸ್ಟ್ 21, 2016

ಪ್ರಿಯಂವದಾ,

ಹೆಸರಿನ ಹಿಂದೆ ಏನನ್ನೂ ಸೇರಿಸಿಲ್ಲ. ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ.

ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ತಡವಾಗಿದ್ದಕ್ಕೆ ಕ್ಷಮೆ ಕೇಳುವುದು ಪದ್ಧತಿ. ನಾನು ಕೇಳುವುದಿಲ್ಲ, ಬೇಕೆಂದೇ ತಡ ಮಾಡಿದೆ. ವಾಟ್ಸ್ಯಾಪ್‌ನಲ್ಲಿ ನಿನ್ನನ್ನು ಬ್ಲಾಕ್ ಮಾಡಿದ ಮೇಲೆ ಸುಮ್ಮನಾಗುತ್ತೀಯ ಎಂದುಕೊಂಡಿದ್ದೆ. ನೀನು ಪರ್ತ್‌ನಿಂದ ಅಂಚೆಯಲ್ಲಿ ಕಾಗದ ಕಳಿಸಿದೆ. ಒಡೆದು ನೋಡಿದರೆ ಅಲ್ಲಿಯ ಚಳಿ, ಹೊಸ ಮನೆಯ ಗ್ಯಾರೇಜು, ಮಗಳ ಸ್ಕೂಲು, ಕೊನೆಗೆ ಈ ಪ್ರಶ್ನೆ: “ನಿಶ್ಚಿ, ಇಲ್ಲಿ ಮತ್ತೆ ಬಿಯರ್ ಮಾಡೋದು ಸ್ಟಾರ್ಟ್ ಮಾಡೋಣ ಅಂತಿದೀನಿ. ಬಿಗಿನರ್‌ಗೆ ಏನೇನ್ ಎಕ್ವಿಪ್‌ಮೆಂಟ್ ಬೇಕು, ಸ್ವಲ್ಪ ಬರೆದು ಕಳ್ಸೇ ಪ್ಲೀಸ್.” ಏನೂ ನಡೆದೇ ಇಲ್ಲವೇನೋ ಎಂಬಂತೆ. ಓದಿ ಮೈ ಉರಿದುಹೋಯಿತು. ನನ್ನ ಗಂಡನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ, ಆ ನವನೀತನೇ “ಹರಿದು ಬಿಸಾಕು” ಅಂದ. ಇಲ್ಲ, ಕೇಳಿದ್ದಾಳೆ, ಹೇಳಿಯೇ ಬಿಡುತ್ತೇನೆ ಅಂದೆ.

ಮೊದಲು ಪಾತ್ರೆ. ನಿನ್ನ ಸ್ವಂತದ್ದು. ಈ ಮಾತಿನ ಕೆಳಗೆ ಗೆರೆ ಎಳೆದುಕೋ. ದಪ್ಪ ತಳದ ಸ್ಟೀಲ್ ಪಾತ್ರೆ, ಏಳೆಂಟು ಲೀಟರ್ ಹಿಡಿದರೆ ಸಾಕು. ನಾಲ್ಕು ಲೀಟರ್ ಬಿಯರ್‌ಗೆ ಅದಕ್ಕಿಂತ ದೊಡ್ಡದು ಬೇಡ, ಕುದಿಯುವಾಗ ಉಕ್ಕದಿರಲಿ ಎಂದು ಮೇಲೆ ಸ್ವಲ್ಪ ಜಾಗ ಬೇಕು, ಅಷ್ಟೇ. ಕಲಿಯುವವರು ಸ್ವಲ್ಪ ಸ್ವಲ್ಪವೇ ಮಾಡಬೇಕು. ಕೆಟ್ಟರೆ ಸಿಂಕಿಗೆ ಚೆಲ್ಲಿ ಮತ್ತೆ ಮಾಡಬಹುದು. ಅಂಗಡಿಯವನು ಇಪ್ಪತ್ತು ಲೀಟರಿನ ಕಿಟ್ ತೋರಿಸುತ್ತಾನೆ, ನೀನು ಅದನ್ನೇ ತರುತ್ತೀಯ ಎಂದೂ ನನಗೆ ಗೊತ್ತು. ನಿನಗೆ ಯಾವತ್ತು ಸಣ್ಣದು ಸಾಕಾಗಿದೆ?

ಆಮೇಲೆ ಐದು ಲೀಟರಿನ ಗಾಜಿನ ಜಾಡಿ, ಅದರ ಬಾಯಿಗೆ ರಬ್ಬರ್ ಬಿರಡೆ, ಬಿರಡೆಗೆ ಏರ್‌ಲಾಕ್. ನೀರು ತುಂಬಿದ ಆ ಪುಟ್ಟ ಕೊಳವೆ ಒಳಗಿನ ಗ್ಯಾಸನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಬಕೆಟ್ ಅಗ್ಗ ಎಂದು ಅದರ ಹಿಂದೆ ಹೋಗಬೇಡ, ಅದರಲ್ಲೂ ಉಪ್ಪಿನಕಾಯಿ ತುಂಬಿದ್ದ ಬಕೆಟ್. ನಿನ್ನ ಮೊದಲ ಬಿಯರ್ ಇಂಗಿನ ವಾಸನೆ ಹೊಡೆದದ್ದು ಸಿಂಗಾಪುರದ ನೀರಿನಿಂದಲ್ಲ. ಹುಳಿ ಮಾಡುವ ಸೌಟನ್ನೂ ದೂರ ಇಡು.

ಸ್ಯಾನಿಟೈಸರ್ ಬೇಕೇ ಬೇಕು. ತೊಳೆಯುವುದು ಬೇರೆ, ಸ್ಯಾನಿಟೈಸರ್‌ನಲ್ಲಿ ಅದ್ದುವುದು ಬೇರೆ ಎಂದು ಎಷ್ಟು ಬಡಿದುಕೊಂಡರೂ ನಿನ್ನ ತಲೆಗೆ ಹೋಗಲಿಲ್ಲ. ನಮ್ಮತ್ತೆಗೆ ಒಂದೇ ಸಲಕ್ಕೆ ಹೋಯಿತು. ಜನ್ಮದಲ್ಲಿ ಬಿಯರ್ ಬಾಟಲಿ ಮುಟ್ಟದ ಸತ್ಯವತಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡಿ, “ಇದು ಮಡಿ ಅಡುಗೆ ಥರಾನೇ ಅಲ್ವೇನ್ರೇ, ಶುದ್ಧ ಮಾಡಿದ್ಮೇಲೆ ಕಂಡಲ್ಲೆಲ್ಲ ಮುಟ್ಟೋ ಹಾಗಿಲ್ಲ” ಎಂದು ನಕ್ಕರು. ನಮ್ಮನ್ನು ಬೈಯಲಿಲ್ಲ. ನಿನ್ನ ಎದುರಿಗೇ ಒಂದು ಮಾತು ಹೇಳಿದರು: “ಕುಡಿಯೋದು ನಿಮ್ಮಿಷ್ಟ. ಬಳಗದ ಪಾತ್ರೆ ಮಾತ್ರ ಮುಟ್ಟಬೇಡಿ.” ನೀನು “ಅಯ್ಯೋ ಅಮ್ಮ, ಅದನ್ಯಾಕೆ ಮುಟ್ತೀವಿ” ಅಂದೆ. ಆಗ ಅವರು ನಿನಗೆ ಅಮ್ಮ. ನಿನ್ನ ತಾಯಿ ಬರಲಾಗದೆ ಹೋದಾಗ ನಿನ್ನ ಬಾಣಂತನ ಮಾಡಿದ್ದು ಅವರು. ನಿನಗೆ ಎಣ್ಣೆ ಹಚ್ಚಿ, ನೀರು ಹಾಕಿ, ನಿನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸಿದವರು.

ಮುಂದಿನದು ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಒಬ್ಬರಾದರೂ ನಿನಗೆ ಮುಖಕ್ಕೆ ಹೇಳಬೇಕು.

ಆ ದೊಡ್ಡ ಪಾತ್ರೆ ನಮ್ಮ ಕನ್ನಡ ಬಳಗದ್ದು. ಗಣೇಶನ ಹಬ್ಬಕ್ಕೆ ಬಂದವರಿಗೆಲ್ಲ ಸಾಲುವಷ್ಟು ಪಾಯಸ ಹಿಡಿಯುತ್ತದೆ. ಪಾಯಸ ಮಾಡುತ್ತಿದ್ದವರು ಅತ್ತೆ, ಪಾತ್ರೆ ಇರುತ್ತಿದ್ದದ್ದೂ ಅವರ ಸುಪರ್ದಿನಲ್ಲಿ, ನಮ್ಮ ಮನೆಯಲ್ಲಿ. ಮೈಸೂರು ಬಿಟ್ಟು ಬಂದ ಮೇಲೆ ಅವರಿಗೆ ಈ ಊರಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಕೆಲಸ. ಹಬ್ಬಕ್ಕೆ ತಿಂಗಳಿದೆ ಎನ್ನುವಾಗಲೇ ಏಲಕ್ಕಿ ಬಿಡಿಸಲು ಕೂರುತ್ತಿದ್ದರು.

ಹೋದ ವರ್ಷ ನಾನು ಜುರಾಂಗ್ ಐಲ್ಯಾಂಡ್‌ನಲ್ಲಿ ಪ್ಲಾಂಟ್ ಶಟ್‌ಡೌನ್ ಕೆಲಸದಲ್ಲಿ ಸಿಕ್ಕಿಬಿದ್ದಿದ್ದೆ. ನಾಲ್ಕು ಲೀಟರ್ ನಿನಗೆ ಬೇಜಾರಾಗಿತ್ತು, ಒಬ್ಬಳೇ ದೊಡ್ಡ ಬ್ಯಾಚ್ ಮಾಡಲು ಹೊರಟೆ. ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಂಡು ಬಂದೆ. ನವನೀತನಿಗೆ “ನಿಶ್ಚಿ ತಗೊಂಡ್ಹೋಗು ಅಂದಿದಾಳೆ” ಎಂದೆ. ಪಾಪ, ಅವನು ಲಿಫ್ಟ್‌ವರೆಗೂ ಹೊತ್ತು ಕೊಟ್ಟ. ನಿನ್ನ ಕಾಂಡೋ ಫ್ಲ್ಯಾಟಿನಲ್ಲಿ ಬಿಯರ್ ಕಾಯಿಸಿ, ಮತ್ತೆ ಅತ್ತೆ ಇಲ್ಲದ ಹೊತ್ತಿಗೇ ತಂದಿಟ್ಟೆ. ಉಜ್ಜಿ ತೊಳೆಯುವಷ್ಟು ಸೌಜನ್ಯವೂ ನಿನಗಿರಲಿಲ್ಲ.

ಹಬ್ಬದ ದಿನ ಕಮ್ಯುನಿಟಿ ಹಾಲ್‌ನ ಅಡುಗೆಮನೆಯಲ್ಲಿ ಅತ್ತೆ ಅದರಲ್ಲಿ ಹಾಲು ಕಾಯಲು ಇಟ್ಟರು. ಬಿಸಿ ಏರಿದ ಹಾಗೆ ಕಹಿ ವಾಸನೆ ಎದ್ದಿತು. ಅಧ್ಯಕ್ಷರಾದ ದ್ವಾರಕನಾಥ ಅಂಕಲ್ ಬಂದು ಪಾತ್ರೆಯ ಮಡಿಚಿದ ಅಂಚಿನ ಕೆಳಗೆ ಬೆರಳಾಡಿಸಿದರು, ಬೆರಳಿಗೆ ಹಸಿರು ಗಸಿ ಅಂಟಿತು, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನದು. ಮೂಸಿ ನೋಡಿ ಕೇಳಿದರು, “ಇದ್ರಲ್ಲಿ ಯಾರು ಬಿಯರ್ ಕಾಯಿಸಿದ್ದು?”

ನೀನು ಅಲ್ಲೇ ಕಾಯಿ ತುರಿಯುತ್ತಿದ್ದೆ. ಆ ವರ್ಷದ ಕಾರ್ಯದರ್ಶಿ ಬೇರೆ. ತಪ್ಪಾಯ್ತು ಅಂಕಲ್, ನಾನೇ ಎಂದಿದ್ದರೆ ಏನಾಗುತ್ತಿತ್ತು? ನಾಲ್ಕು ದಿನ ಗುಸುಗುಸು ಮಾತಾಡಿ ಮರೆಯುತ್ತಿದ್ದರು. ನೀನು ಹೇಳಿದ್ದು, “ನಾನು ಮನೆ ಪಾತ್ರೆ ಕೇಳಿದ್ದೆ ಅಂಕಲ್. ಆಂಟಿನೇ ಇದನ್ನ ತೆಗೆದುಕೊಟ್ರು.” ಒಂದೇ ಕ್ಷಣದಲ್ಲಿ ಅಮ್ಮ ಹೋಗಿ ಆಂಟಿ ಆದರು. ಅತ್ತೆ “ನಾನು ಕೊಡಲಿಲ್ವಲ್ಲಮ್ಮಾ” ಎಂದರು. ನೀನು ಅವರ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, “ಕೊಟ್ರಿ ಆಂಟಿ. ಈಗೀಗ ನಿಮಗೆ ನೆನಪಿರಲ್ಲ, ಪರವಾಗಿಲ್ಲ ಬಿಡಿ” ಎಂದೆ. ಅತ್ತೆ ಸುತ್ತ ನಿಂತವರ ಮುಖ ನೋಡಿ, “ಇರಬಹುದೇನೋ” ಎಂದರಂತೆ. ನಾನು ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಹಾಲು ಚೆಲ್ಲಿಯಾಗಿತ್ತು. ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆಯ ಪಕ್ಕದಲ್ಲೇ ನಿಂತಿದ್ದ ಬಳಗದ ಮೈಥಿಲಿ.

ನಡೆದದ್ದನ್ನು ನಾನು ದ್ವಾರಕನಾಥ ಅಂಕಲ್‌ಗೆ ಹೇಳಿದೆ, ನವನೀತನೂ ಹೇಳಿದ. ಅವರು ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿದರು. “ಅತ್ತೆನ ಬಿಟ್ಕೊಡದೇ ಇರೋದು ಒಳ್ಳೇದೇ ಕಣಮ್ಮಾ. ಆದ್ರೆ ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ. ಒಂದ್ಸಲ ಡಾಕ್ಟರ್‌ಗೆ ತೋರ್ಸಿ.” ಪಾತ್ರೆ ಬೇರೆ ಮನೆಗೆ ಹೋಯಿತು. ಇನ್ನೆರಡು ವಾರಕ್ಕೆ ಹಬ್ಬ, ಪಾಯಸಕ್ಕೆ ಈ ಸಲ ಕೇಟರಿಂಗ್ ಬುಕ್ ಮಾಡಿದ್ದಾರೆ. ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಸಿಕ್ಕವರು ಅತ್ತೆಯ ಜೊತೆ ಜೋರಾಗಿ, ಒಂದೊಂದೇ ಮಾತು ಬಿಡಿಸಿ ಮಾತಾಡುತ್ತಾರೆ. ಮೊನ್ನೆ ಒಬ್ಬಳು “ಆಂಟಿ, ನಾನ್ಯಾರು ಹೇಳಿ ನೋಡೋಣ” ಎಂದಳು. ನಾನು ಅವಳ ಮೇಲೆ ಹಾರಿಬಿದ್ದೆ. ಹಾರಿಬೀಳಬೇಕಾದದ್ದು ನಿನ್ನ ಮೇಲೆ, ನೀನು ಪರ್ತ್‌ಗೆ ಶಿಫ್ಟ್ ಆಗಿ ಗ್ಯಾರೇಜಿನಲ್ಲಿ ಜಾಗ ಮಾಡಿಕೊಳ್ಳುತ್ತಿದ್ದೀಯ.

ಇರಲಿ, ನಿನ್ನ ಎಕ್ವಿಪ್‌ಮೆಂಟ್ ಮುಗಿಸುತ್ತೇನೆ. ಥರ್ಮಾಮೀಟರ್ ತೆಗೆದುಕೋ. ನಿನಗೆ ಅಲ್ಲಿ ಚಳಿಯ ಅನುಕೂಲ ಇದೆ. ಇಲ್ಲಿಯ ಸೆಕೆಗೆ ಜಾಡಿಯನ್ನು ನೀರಿನ ಟಬ್‌ನಲ್ಲಿ ಕೂರಿಸಿ ಐಸ್ ಬಾಟಲಿ ಬದಲಾಯಿಸುತ್ತಿರಬೇಕಿತ್ತು. ನಾವಿಬ್ಬರೂ ಆಫೀಸಿನಲ್ಲಿರುವಾಗ ಅದನ್ನು ಯಾರು ಮಾಡುತ್ತಿದ್ದರು? ಈಗೀಗ ನೆನಪಿರದ ಆಂಟಿ. ಒಂದು ದಿನವೂ ತಪ್ಪಿಸಲಿಲ್ಲ. ಹೈಡ್ರೋಮೀಟರ್ ಬೇಕು, ಸಕ್ಕರೆ ಇನ್ನೂ ಎಷ್ಟು ಉಳಿದಿದೆ ಎಂದು ಅದು ತೇಲಿ ತೋರಿಸುತ್ತದೆ. ನಿನ್ನ ಅಂದಾಜಿನ ಮೇಲೆ ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯುತ್ತದೆ. ನೀನೊಬ್ಬಳೇ ಆಗಿದ್ದರೆ ಹೇಳುತ್ತಿರಲಿಲ್ಲ, ಮಗು ಓಡಾಡುವ ಮನೆ ಎಂದು ಹೇಳುತ್ತಿದ್ದೇನೆ. ಜಾಡಿಯಿಂದ ಬಾಟಲಿಗೆ ಇಳಿಸುವ ಸೈಫನ್ ಕೊಳವೆಯನ್ನು ಬಾಯಲ್ಲಿ ಎಳೆಯಬೇಡ, ಎಂಜಲಾದರೆ ಬಿಯರ್ ಹುಳಿಯಾಗುತ್ತದೆ. ಕ್ಲಿಪ್ ಮುಚ್ಚಳದ ಗಟ್ಟಿ ಬಾಟಲಿ ತಂದರೆ ಮುಚ್ಚಳ ಒತ್ತುವ ಮಿಷನ್ ಬೇಡ. ಮಿಕ್ಕದ್ದೆಲ್ಲ ಅಂಗಡಿಯವರ ಆಸೆ.

ನಾನು ಬಿಯರ್ ಮಾಡುವುದು ಬಿಟ್ಟಿದ್ದೇನೆ. ಜಾಡಿಯನ್ನು ಆಫೀಸಿನ ಒಬ್ಬನಿಗೆ ಕೊಟ್ಟೆ.

ನಿನ್ನ ಮಗಳು ಆರೋಗ್ಯವಾಗಿರಲಿ, ಚೆನ್ನಾಗಿ ಓದಲಿ, ನಿನ್ನಿಂದ ಚೆಂದವನ್ನು ಮಾತ್ರ ಪಡೆಯಲಿ. ಅವಳಿಗೆ ನಮ್ಮೆಲ್ಲರ ಆಶೀರ್ವಾದ. ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ನಿಶ್ಚಿತಾ

ತಾ.ಕ.: ಅತ್ತೆಯನ್ನು ಡಾಕ್ಟರ್‌ಗೂ ತೋರಿಸಿದೆವು. ನೆನಪಿನ ಶಕ್ತಿಗೆ ಏನೂ ಆಗಿಲ್ಲ ಎಂದರು. ಆದರೂ ಅತ್ತೆ ಈಗ ಗ್ಯಾಸ್ ಆರಿಸಿ ಮತ್ತೆ ಮತ್ತೆ ಹೋಗಿ ನೋಡುತ್ತಾರೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾರೆ. ಈ ಕಾಗದ ಬರೆಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, “ನಿಜ ಹೇಳು ನಿಶ್ಚಿತಾ, ಆ ಪಾತ್ರೆ ನಾನೇ ಕೊಟ್ನಾ?” ಎಂದರು. ಇಲ್ಲ ಅತ್ತೆ, ಅವಳು ಸುಳ್ಳು ಹೇಳಿದಳು ಎಂದೆ. ಎಷ್ಟೋ ಸಲ ಹೇಳಿದ್ದೇನೆ. ಅವರು ತಲೆಯಾಡಿಸಿ, “ಆ ಹುಡುಗಿ ನನ್ನ ವಿಷಯದಲ್ಲಿ ಸುಳ್ಳು ಹೇಳಲ್ಲ ಕಣೇ. ನಂಗೇ ಮರೆತಿರಬೇಕು” ಎಂದರು. ನಾನು ಹೇಳಿದರೆ ನಂಬುವುದಿಲ್ಲ, ಪಾತ್ರೆ ಹೊತ್ತು ಕೊಟ್ಟ ಮಗನೇ ಹೇಳಿದರೂ ನಂಬುವುದಿಲ್ಲ. ನೀನು ಹೇಳಿದರೆ ನಂಬುತ್ತಾರೆ. ಫೋನ್ ಮಾಡಿ ಹೇಳು.